ವಾಹನ ಪ್ರಶ್ನೋತ್ತರ: ತಿರುವಿನಲ್ಲಿ ಕಟಕಟ, ಡ್ರಮ್ಮಿನಲ್ಲಿ ಎಣ್ಣೆ

ಕಾಸರಗೋಡು ಕಡೆಯಿಂದ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಆಕ್ಸಲ್ಲಿನ, ಅಂದರೆ ಚಕ್ರಕ್ಕೆ ಇಂಜಿನಿನ ಎಳೆತ ಮುಟ್ಟಿಸುವ ಶಾಫ್ಟಿನ, ಬಗ್ಗೆಯೇ ಇವೆ. ಮಳೆಗಾಲದಲ್ಲಿ ಹರಿದ ಅದರ ರಬ್ಬರ್ ಬೂಟಿನ ಲೆಕ್ಕ ಮಳೆ ನಿಂತ ಮೇಲೆ ಶಬ್ದವಾಗಿ ಕೇಳಿಸುವ ಕಾಲ ಇದು. ಒಂದೇ ತೆರನ ಪ್ರಶ್ನೆಗಳನ್ನು ಒಟ್ಟಿಗೆ ಸೇರಿಸಿದ್ದೇವೆ.

ಪ್ರಶ್ನೆ: ನಮ್ಮದು 2006ರ ಮಾರುತಿ 800. ತೋಟದ ದಾರಿಗೆ ಇಳಿಯುವಾಗ ಸ್ಟಿಯರಿಂಗ್ ಪೂರ್ತಿ ಬಲಕ್ಕೆ ತಿರುಗಿಸಿದರೆ ಮುಂದಿನ ಎಡ ಚಕ್ರದಿಂದ ಕಟಕಟ ಶಬ್ದ ಬರುತ್ತದೆ. ನೇರ ರಸ್ತೆಯಲ್ಲಿ ಏನೂ ಇಲ್ಲ. ಬೂಟ್ ಬದಲಿಸಿ ಗ್ರೀಸ್ ತುಂಬಿದರೆ ಸಾಕು ಎಂದು ಒಬ್ಬ ಮೆಕ್ಯಾನಿಕ್, ಪೂರ್ತಿ ಆಕ್ಸಲ್ ಹೋಗಿದೆ ಎಂದು ಇನ್ನೊಬ್ಬರು. ಯಾರ ಮಾತು ಸರಿ?
— ಓದುಗರು, ಬದಿಯಡ್ಕ

ಉತ್ತರ: ಇಬ್ಬರದೂ ಪೂರ್ತಿ ಸರಿಯಲ್ಲ. ಶಬ್ದ ಶುರುವಾದ ಮೇಲೆ ಬೂಟ್ ಬದಲಿಸುವುದು ಬರಿದೇ ಖರ್ಚು. ಹೊಸ ಗ್ರೀಸ್ ಬಿದ್ದ ಕೆಲವು ದಿನ ಶಬ್ದ ಅಡಗಿದಂತೆ ಅನಿಸುತ್ತದೆ, ಆಮೇಲೆ ಮತ್ತೆ ಹಾಜರಾಗುತ್ತದೆ. ಹಾಗೆಂದು ಇಡೀ ಆಕ್ಸಲ್ ಕೆಟ್ಟಿದೆ ಎನ್ನುವುದಕ್ಕೂ ಆಧಾರ ಸಾಲದು.

ಮುಂದಿನ ಚಕ್ರ ಎಳೆಯುವ ಕಾರಿನ ಡ್ರೈವ್ ಶಾಫ್ಟಿಗೆ ಮೂರು ಅಂಗ: ಗೇರ್‌ಬಾಕ್ಸ್ ಬದಿಯ ಒಳ ಜಾಯಿಂಟ್, ನಡುವಿನ ಉಕ್ಕಿನ ಸರಳು, ಚಕ್ರದ ಬದಿಯ ಹೊರ ಜಾಯಿಂಟ್. ಸರಳು ಕೆಡುವುದು ಅಪರೂಪ. ಒಳ ಜಾಯಿಂಟ್ ಹಿಂದೆ ಮುಂದೆ ಜಾರುತ್ತಾ ಸ್ವಲ್ಪವೇ ಬಾಗುತ್ತದೆ. ಹೊರ ಜಾಯಿಂಟ್ ಮಾತ್ರ ಸ್ಟಿಯರಿಂಗ್ ತಿರುಗಿದಷ್ಟೂ ಬಾಗಬೇಕು, ಬಾಗಿದ ಸ್ಥಿತಿಯಲ್ಲೇ ಇಂಜಿನಿನ ಎಳೆತ ಹೊರಬೇಕು. ಅದರೊಳಗೆ ಆರು ಉಕ್ಕಿನ ಗುಂಡುಗಳು, ಅವುಗಳನ್ನು ಹಿಡಿದಿಡುವ ಕೇಜ್, ಗುಂಡು ಓಡುವ ಆರು ಜಾಡು. ಬೂಟ್, ಅಂದರೆ ಮೇಲಿನ ಮಡಿಕೆ ಮಡಿಕೆಯ ರಬ್ಬರ್ ಚೀಲ, ಹರಿದರೆ ಚಕ್ರ ಸುತ್ತುವ ರಭಸಕ್ಕೆ ಗ್ರೀಸ್ ಹೊರಗೆ ಸಿಡಿಯುತ್ತದೆ, ಕೆಂಪು ಮಣ್ಣಿನ ನೀರು ಒಳಗೆ ಹೋಗುತ್ತದೆ. ಮುರಕಲ್ಲಿನ ಹುಡಿ ಉಳಿದ ಗ್ರೀಸಿಗೆ ಸೇರಿತೆಂದರೆ ಅರೆಯುವ ಪೇಸ್ಟ್ ತಯಾರಾದಂತೆಯೇ. ಜಾಡಿನಲ್ಲಿ ಗುಳಿ ಬೀಳುತ್ತದೆ. ಪೂರ್ತಿ ಬಾಗಿದಾಗ ಗುಂಡು ಆ ಗುಳಿಗೆ ಇಳಿದು ಹತ್ತುವುದೇ ನಿಮಗೆ ಕೇಳುವ ಕಟಕಟ.

ದುಡ್ಡು ಬಿಚ್ಚುವ ಮೊದಲು ಖಚಿತ ಮಾಡಿಕೊಳ್ಳಿ. ಖಾಲಿ ಮೈದಾನದಲ್ಲಿ ಫಸ್ಟ್ ಗೇರ್ ಹಾಕಿ, ಸ್ಟಿಯರಿಂಗ್ ಒಂದು ಬದಿಗೆ ಪೂರ್ತಿ ತಿರುಗಿಸಿ ನಿಧಾನವಾಗಿ ಒಂದು ಸುತ್ತು ಬನ್ನಿ. ಆಮೇಲೆ ಇನ್ನೊಂದು ಬದಿಗೆ. ಕೊನೆಗೆ ಅದೇ ಸುತ್ತು ರಿವರ್ಸಿನಲ್ಲಿ. ಎಕ್ಸಲರೇಟರ್ ಸ್ವಲ್ಪ ಒತ್ತಿದ ಕೂಡಲೇ ಕಟಕಟ ಜೋರಾದರೆ ಹೊರ ಜಾಯಿಂಟೇ. ಸಾಮಾನ್ಯವಾಗಿ ಸುತ್ತಿನ ಹೊರಬದಿಯ ಚಕ್ರದ ಜಾಯಿಂಟ್ ಹೆಚ್ಚು ಕೂಗುತ್ತದೆ, ನಿಮ್ಮ ಲಕ್ಷಣ ಅದಕ್ಕೆ ಹೊಂದುತ್ತದೆ. ಆದರೂ ಕಿವಿಯನ್ನು ಮಾತ್ರ ನಂಬಬೇಡಿ. ಬಗ್ಗಿ ಎರಡೂ ರಿಮ್ಮುಗಳ ಒಳಮೈ, ಸ್ಟ್ರಟ್ಟಿನ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರಿನ ಕಂಬ) ಬುಡ, ಬ್ರೇಕ್ ಹೋಸ್ ನೋಡಿ. ಕಪ್ಪು ಗ್ರೀಸ್ ಗೀರು ಗೀರಾಗಿ ಸಿಡಿದ ಕಡೆಯ ಬೂಟ್ ಹರಿದಿರುತ್ತದೆ.

ಬೇರೆ ಶಬ್ದಗಳಿಗೆ ಇದನ್ನು ದೂರಬೇಡಿ. ನೇರ ರಸ್ತೆಯಲ್ಲೂ ಬಂದು, ವೇಗದ ಜೊತೆ ಏರಿ, ಎಕ್ಸಲರೇಟರ್ ಬಿಟ್ಟರೂ ನಿಲ್ಲದ 'ಗೊಂಯ್' ಎಂಬುದು ವೀಲ್ ಬೇರಿಂಗ್. ರಿವರ್ಸಿನಿಂದ ಫಸ್ಟಿಗೆ ಹಾಕಿ ಕ್ಲಚ್ ಬಿಡುವಾಗ ಒಂದೇ ಸಲ 'ಠಕ್' ಎಂದರೆ ಒಳ ಜಾಯಿಂಟ್ ಅಥವಾ ಇಂಜಿನ್ ಮೌಂಟಿಂಗ್ (ಇಂಜಿನ್ ಕೂರುವ ರಬ್ಬರ್ ಹಿಡಿತ). ಹೊಂಡಕ್ಕೆ ಬಿದ್ದಾಗ ಮಾತ್ರ ಲೊಡಕ್ ಎನ್ನುವುದು ಬಾಲ್ ಜಾಯಿಂಟ್ ಅಥವಾ ಸ್ಟ್ರಟ್ ಮೌಂಟ್. ಇವು ಮೂರರಲ್ಲೂ ಆಕ್ಸಲ್ ಬದಲಿಸಿ ಶಬ್ದ ಹಾಗೆಯೇ ಉಳಿದ ಕಾರುಗಳು ಧಾರಾಳ.

ನಿಮಗೆ ಬೇಕಾದದ್ದು ಎಡಬದಿಯ ಹೊರ ಜಾಯಿಂಟ್. ಅದು ಬಿಡಿಯಾಗಿ ಸಿಕ್ಕರೆ ಒಳ ಜಾಯಿಂಟನ್ನು ತೊಳೆದು, ನೋಡಿ, ಅದನ್ನೇ ಉಳಿಸಿಕೊಳ್ಳಬಹುದು. ಎರಡೂ ಜಾಯಿಂಟ್ ಆಡುತ್ತಿದ್ದರೆ ಮಾತ್ರ ಪೂರ್ತಿ ಶಾಫ್ಟ್ ಲಾಭ.

ಪ್ರಶ್ನೆ: ಶಾಫ್ಟನ್ನು ಮನೆಯಲ್ಲೇ ಬಿಚ್ಚಿ ಹಾಕುವ ಧೈರ್ಯ ಇದೆ. ಸ್ಪಾನರ್ ಸೆಟ್ ಇದೆ. ಕ್ರಮ ತಿಳಿಸಿ, ಎಲ್ಲಿ ಎಡವಬಹುದು ಎಂಬುದನ್ನೂ ಹೇಳಿ.
— ಓದುಗರು, ಪೆರ್ಲ

ಉತ್ತರ: ಸ್ಪಾನರ್ ಸೆಟ್ ಒಂದೇ ಸಾಲದು. ಶಾಫ್ಟಿನ ತುದಿಯನ್ನು ಚಕ್ರದ ನಡುವಿನ ಹಬ್ಬಿಗೆ ಹಿಡಿದಿಡುವ ಹಬ್ ನಟ್ಟಿಗೆ ದೊಡ್ಡ ಸಾಕೆಟ್ (ಚಿಕ್ಕ ಕಾರುಗಳಲ್ಲಿ ಹೆಚ್ಚಾಗಿ 30 ಅಥವಾ 32 ಎಂ.ಎಂ.; ಅಳೆದೇ ತನ್ನಿ), ಅರ್ಧ ಇಂಚಿನ ಗಟ್ಟಿ ಹಿಡಿ, ಒಂದು ಮೀಟರ್ ಪೈಪು, ಉದ್ದದ ಲಿವರ್, ಹಿತ್ತಾಳೆ ಅಥವಾ ತಾಮ್ರದ ತುಂಡು, ಎರಡು ಆಕ್ಸಲ್ ಸ್ಟ್ಯಾಂಡ್. ಸಾಮಾನಿನಲ್ಲಿ ಹಬ್ ನಟ್ ತಿರುಗದಂತೆ ತಡೆಯುವ ಹೊಸ ಸ್ಪ್ಲಿಟ್ ಪಿನ್, ಒಳತುದಿಯನ್ನು ಹಿಡಿದಿಡುವ ಹೊಸ ಸರ್ಕ್ಲಿಪ್ (ಉಕ್ಕಿನ ತಂತಿಬಳೆ), ಗೇರ್‌ಬಾಕ್ಸಿನ ಆ ಬದಿಯ ಆಯಿಲ್ ಸೀಲ್, ಗೇರ್ ಆಯಿಲ್. ಸೀಲ್ ಅಗ್ಗ, ಅದನ್ನು ತಾರದೆ ಕೆಲಸ ಶುರು ಮಾಡಬೇಡಿ.

ಸ್ಟ್ಯಾಂಡಿನ ಬಗ್ಗೆ ಕಟ್ಟುನಿಟ್ಟಾಗಿ ಒಂದು ಮಾತು. ನಮ್ಮ ಕಡೆ ಅಂಗಳದ ಬದಿಯಲ್ಲಿ ಕೆಂಪುಕಲ್ಲು ರಾಶಿ ಬಿದ್ದಿರುತ್ತದೆ, ಕಾರಿನಡಿಗೆ ಅದನ್ನೇ ಇಡುವ ಅಭ್ಯಾಸವೂ ಇದೆ. ಗೋಡೆಯಲ್ಲಿ ಸಮನಾಗಿ ಭಾರ ಹೊರುವ ಕಲ್ಲು, ಒಂದೇ ಬಿಂದುವಿನಲ್ಲಿ ಭಾರ ಬಿದ್ದರೆ ಎಚ್ಚರಿಕೆಯಿಲ್ಲದೆ ಸೀಳುತ್ತದೆ. ಈ ಕೆಲಸದಲ್ಲಿ ಲಿವರ್ ಹಾಕಿ ಕಾರನ್ನು ಅಲುಗಿಸುವುದು ಬೇರೆ ಇದೆ. ಮಣ್ಣಿನ ಅಂಗಳವಾದರೆ ಜಾಕ್, ಸ್ಟ್ಯಾಂಡ್ ಎರಡರ ಅಡಿಗೂ ದಪ್ಪ ಹಲಗೆ ಇಡಿ.

ಚಕ್ರ ನೆಲದ ಮೇಲಿರುವಾಗಲೇ ನಡುವಿನ ಮುಚ್ಚಳ ತೆಗೆದು, ಸ್ಪ್ಲಿಟ್ ಪಿನ್ ಎಳೆದು, ಇನ್ನೊಬ್ಬರು ಬ್ರೇಕ್ ಒತ್ತಿ ಹಿಡಿದಿರುವಂತೆ ಹಬ್ ನಟ್ಟನ್ನು ಸ್ವಲ್ಪ ಮಾತ್ರ ಸಡಿಲಿಸಿ. ಕಾರನ್ನು ಎತ್ತಿದ ಮೇಲೆ ಇದನ್ನು ಸಡಿಲಿಸಲು ಹೋಗುವುದೇ ಮೊದಲ ಎಡವಟ್ಟು. ಕಡಲ ಬದಿಯ ಕಾರುಗಳಲ್ಲಿ ಇದು ತುಕ್ಕು ಹಿಡಿದು ಕೂತಿರುತ್ತದೆ; ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿ ಬಿಡಿ.

ಆಮೇಲೆ ಕಾರು ಎತ್ತಿ, ಸ್ಟ್ಯಾಂಡಿಗೆ ಇಳಿಸಿ, ಚಕ್ರ ತೆಗೆದು, ಗೇರ್ ಆಯಿಲ್ ಪೂರ್ತಿ ಬಸಿಯಿರಿ. ಬಸಿಯುವ ಬೋಲ್ಟು ತೆಗೆಯುವ ಮೊದಲು ಮೇಲಿನ ಲೆವೆಲ್ ಬೋಲ್ಟು ಸಡಿಲವಾಗುತ್ತದೆಯೇ ನೋಡಿಕೊಳ್ಳಿ. ಎಣ್ಣೆ ಬಸಿದಾದ ಮೇಲೆ ತುಂಬುವ ತೂತು ತೆರೆಯದೆ ಹೋದರೆ ಕಾರು ಅಂಗಳದಲ್ಲೇ ಬಾಕಿ.

ಲೋವರ್ ಆರ್ಮಿನ (ಚಕ್ರವನ್ನು ಕೆಳಗಿನಿಂದ ಹಿಡಿದ ತೋಳು) ಬಾಲ್ ಜಾಯಿಂಟನ್ನು ನಕಲ್ಲಿನಿಂದ (ಹಬ್ಬನ್ನು ಹೊತ್ತ ಗಟ್ಟಿ ಭಾಗ) ಬಿಡಿಸಬೇಕು. ಹಿಡಿಕೆ ಬೋಲ್ಟ್ ಇರುವ ಮಾದರಿಯಾದರೆ ಅದನ್ನು ಬರೀ ಸಡಿಲಿಸಿದರೆ ಸಾಲದು, ಪೂರ್ತಿ ಹೊರಗೆಳೆಯಬೇಕು; ಬಾಲ್ ಜಾಯಿಂಟಿನ ಕಂಬದಲ್ಲಿ ಆ ಬೋಲ್ಟು ಕೂರುವ ಕಚ್ಚು ಇರುತ್ತದೆ. ಈಗ ಆರ್ಮನ್ನು ಲಿವರಿನಿಂದ ಕೆಳಗೊತ್ತಿ ನಕಲ್ಲನ್ನು ಹೊರಗೆ ವಾಲಿಸಿದರೆ ಶಾಫ್ಟಿನ ತುದಿ ಹಬ್ಬಿನಿಂದ ಜಾರುತ್ತದೆ. ಜಾರದಿದ್ದರೆ ನಟ್ಟನ್ನು ಶಾಫ್ಟಿನ ತುದಿಗೆ ಸಮವಾಗಿ ತಿರುಗಿಸಿಟ್ಟು, ಹಿತ್ತಾಳೆ ತುಂಡು ಅಡ್ಡ ಹಿಡಿದು ಬಡಿಯಿರಿ. ಬರಿ ಸುತ್ತಿಗೆಯ ಎರಡು ಪೆಟ್ಟಿಗೆ ತುದಿಯ ಮರೆ (ನಟ್ ತಿರುಗುವ ಸುರುಳಿ) ಅರಳಿ, ಒಳ್ಳೆಯ ಶಾಫ್ಟೂ ಗುಜರಿ ಸೇರುತ್ತದೆ. ಬ್ರೇಕ್ ಹೋಸ್ ಮೇಲೆ ಭಾರ ಬೀಳದಂತೆ ನಕಲ್ಲನ್ನು ತಂತಿಯಿಂದ ಕಟ್ಟಿಡಿ.

ಒಳತುದಿ ತೆಗೆಯುವಾಗ ನಡುವಿನ ಸರಳು ಹಿಡಿದು ಎಳೆಯಬಾರದು. ಎಳೆದರೆ ಒಳ ಜಾಯಿಂಟ್ ಬೂಟಿನೊಳಗೇ ಕಳಚಿಕೊಳ್ಳುತ್ತದೆ, ಬಟ್ಟಲು ಮಾತ್ರ ಗೇರ್‌ಬಾಕ್ಸಿನಲ್ಲಿ ಉಳಿಯುತ್ತದೆ. ಗೇರ್‌ಬಾಕ್ಸ್ ಮೈಗೂ ಜಾಯಿಂಟಿನ ಬಟ್ಟಲಿಗೂ ನಡುವೆ ಲಿವರ್ ಕೊಟ್ಟು ಚುರುಕಾಗಿ ಒಂದು ಎತ್ತು. ಸರ್ಕ್ಲಿಪ್ 'ಟಪ್' ಎಂದು ಬಿಡುತ್ತದೆ. ಲಿವರಿನ ಮೂತಿ ಸೀಲಿನ ಅಂಚಿಗೆ ತಾಗದಿರಲಿ. ಸೀಲ್ ಬದಲಿಸುವುದು ಈಗಲೇ: ಹಳೆಯದು ಎಷ್ಟು ಆಳದಲ್ಲಿತ್ತೋ ಹೊಸದೂ ಅಷ್ಟೇ ಆಳಕ್ಕೆ, ನೇರವಾಗಿ, ತುಟಿಗೆ ತೆಳ್ಳಗೆ ಗ್ರೀಸ್.

ಹೊಸ ಶಾಫ್ಟನ್ನು ತೂರಿಸುವಾಗ ಹಲ್ಲುಗಳು ಸೀಲಿನ ತುಟಿಯನ್ನು ಗೀರದಂತೆ ಕೈಯಿಂದ ಎತ್ತಿ ಹಿಡಿದು ನೇರಕ್ಕೆ ಕೊಡಿ. ಸರ್ಕ್ಲಿಪ್ ಕೂತ ಗುರುತು ಒಂದು ಸಣ್ಣ ಕ್ಲಿಕ್. ಆಮೇಲೆ ಬಟ್ಟಲನ್ನು ಹಿಡಿದು (ಸರಳನ್ನಲ್ಲ) ಹೊರಗೆಳೆದು ನೋಡಿ, ಬರಬಾರದು. ಇದನ್ನು ಪರೀಕ್ಷಿಸದೆ ಬಿಟ್ಟ ಶಾಫ್ಟು ಮೊದಲ ದೊಡ್ಡ ಹೊಂಡದಲ್ಲಿ ಗೇರ್‌ಬಾಕ್ಸಿನಿಂದ ಹೊರಬಂದು ಎಣ್ಣೆ ಚೆಲ್ಲುತ್ತದೆ.

ಹಬ್ ನಟ್ಟನ್ನು ಕೊನೆಯ ಬಿಗಿಗೆ ತರುವುದು ಚಕ್ರ ನೆಲ ಮುಟ್ಟಿದ ಮೇಲೆ, ಬ್ರೇಕ್ ಒತ್ತಿಸಿ. ಆದರೆ ಅದಕ್ಕೂ ಮೊದಲೇ, ಕಾರು ಎತ್ತಿರುವಾಗಲೇ, ಕೈಯಿಂದ ಆದಷ್ಟು ಬಿಗಿದಿರಬೇಕು. ನಟ್ ಸಡಿಲವಿರುವಾಗ ಕಾರಿನ ಭಾರ ಚಕ್ರದ ಮೇಲೆ ಬಿದ್ದರೆ, ಅಥವಾ ಶಾಫ್ಟ್ ಇಲ್ಲದೆ ಕಾರನ್ನು ತಳ್ಳಿದರೆ, ವೀಲ್ ಬೇರಿಂಗ್ ಬಿಚ್ಚಿಕೊಂಡು ಹಾಳಾಗುತ್ತದೆ. ಈ ಗಾತ್ರದ ಕಾರುಗಳಲ್ಲಿ ಹಬ್ ನಟ್ಟಿನ ಬಿಗಿ 150ರಿಂದ 200 ನ್ಯೂಟನ್ ಮೀಟರ್ ಆಸುಪಾಸು; ನಿಮ್ಮ ಮಾದರಿಯ ಅಂಕಿ ಸರ್ವಿಸ್ ಕೈಪಿಡಿಯಲ್ಲಿ ನೋಡಿ. ಟಾರ್ಕ್ ರೆಂಚ್ ಇಲ್ಲದವರಿಗೆ ಅಂದಾಜು: ಒಂದು ಮೀಟರ್ ಪೈಪಿನ ತುದಿಗೆ 18 ಕಿಲೊ ಭಾರ ಬಿದ್ದರೆ ಸುಮಾರು 175 ನ್ಯೂಟನ್ ಮೀಟರ್. ಪೈಪಿನ ಮೇಲೆ ನಿಂತು ಕುಣಿಯುವ ಅಗತ್ಯ ಇಲ್ಲ. ಸ್ಪ್ಲಿಟ್ ಪಿನ್ನಿನ ತೂತು ಹೊಂದದಿದ್ದರೆ ಇನ್ನಷ್ಟು ಬಿಗಿದು ಹೊಂದಿಸಿ, ಹಿಂದಕ್ಕೆ ತಿರುಗಿಸಬೇಡಿ. ಪಿನ್ ಬದಲು ಅಂಚನ್ನು ಜಜ್ಜಿ ನಿಲ್ಲಿಸುವ ನಟ್ ಇರುವ ಕಾರುಗಳಲ್ಲಿ ಪ್ರತಿಸಲ ಹೊಸ ನಟ್.

ಗೇರ್ ಆಯಿಲನ್ನು ಲೆವೆಲ್ ತೂತಿನಿಂದ ತೊಟ್ಟಿಕ್ಕುವವರೆಗೆ ತುಂಬಿ, ಕಾರು ಸಮತಟ್ಟಾಗಿರಬೇಕು. ಡಬ್ಬಿಯ ಮೇಲೆ ಎಣ್ಣೆಯ ದರ್ಜೆ ಜಿ.ಎಲ್.-4 ಎಂದಿರಲಿ. ಅಂಗಡಿಯವರು ಜಿ.ಎಲ್.-5 ಇನ್ನೂ ಒಳ್ಳೆಯದು ಎಂದು ಕೊಟ್ಟರೆ ಬೇಡವೆನ್ನಿ. ಅದರಲ್ಲಿ ಹೆಚ್ಚಿರುವ ಗಂಧಕದ ಸೇರ್ಪಡೆ ಗೇರ್‌ಬಾಕ್ಸಿನ ಹಿತ್ತಾಳೆ ಸಿಂಕ್ರೊ ಬಳೆಗಳಿಗೆ (ಗೇರ್ ಬದಲಿಸುವಾಗ ವೇಗ ಹೊಂದಿಸುವ ಬಳೆಗಳು) ಆಗಿಬರುವುದಿಲ್ಲ.

ಪ್ರಶ್ನೆ: ಶಬ್ದ ಇಲ್ಲ. ಆದರೆ ಆಟಿ ಮಳೆಗೆ ಒಂದು ಬೂಟ್ ಬಾಯಿಬಿಟ್ಟದ್ದು ಈಗ ಕಣ್ಣಿಗೆ ಬಿತ್ತು. ಸೈಕಲ್ ಟ್ಯೂಬ್ ಸುತ್ತಿ ಕಟ್ಟಬಹುದೇ? ಅಂಟಿಸುವ ಬೂಟ್ ಸಿಗುತ್ತದಂತೆ.
— ಓದುಗರು, ಪೈವಳಿಕೆ

ಉತ್ತರ: ಟ್ಯೂಬ್ ಸುತ್ತುವುದು ಗ್ಯಾರೇಜಿನವರೆಗೆ ಹೋಗಲು ಸರಿ, ಬೂಟಿನ ಬದಲಿ ಆಗದು. ಸೀಳಿ ಅಂಟಿಸುವ ಬೂಟ್ ಒಣಗಿದ, ಎಣ್ಣೆಪಸೆ ಒಂದಿಷ್ಟೂ ಇಲ್ಲದ ಜಾಗದಲ್ಲಿ ಮಾತ್ರ ಹಿಡಿಯುತ್ತದೆ. ಗ್ರೀಸ್ ಮೆತ್ತಿದ ಜಾಯಿಂಟಿನ ಸುತ್ತ ಅಂಥ ಶುಚಿತ್ವ ಬರುವುದು ಕಷ್ಟ, ಜೋಡಣೆಯ ಗೆರೆಯಲ್ಲೇ ಮತ್ತೆ ಬಿಡುತ್ತದೆ.

ನೀವು ಅದೃಷ್ಟವಂತರು, ಶಬ್ದ ಬರುವ ಮೊದಲೇ ನೋಡಿದ್ದೀರಿ. ಶಾಫ್ಟ್ ಹೊರತೆಗೆದು, ಜಾಯಿಂಟಿನ ಹಳೆ ಗ್ರೀಸ್ ಬಟ್ಟೆಯಿಂದ ಒರೆಸಿ, ಬೆರಳ ತುದಿಯಲ್ಲಿ ತಿಕ್ಕಿ ನೋಡಿ. ಬೆಣ್ಣೆಯ ಹಾಗಿದ್ದರೆ ಬದುಕಿದೆ. ಮರಳು ಮರಳಾಗಿ ತಾಗಿದರೆ, ಅಥವಾ ನೀರು ಸೇರಿ ಬೂದು ಬಣ್ಣಕ್ಕೆ ತಿರುಗಿದ್ದರೆ, ಜಾಯಿಂಟನ್ನು ಡೀಸೆಲ್ಲಿನಲ್ಲಿ ಪೂರ್ತಿ ತೊಳೆದು ಗಾಳಿ ಹೊಡೆದು ಒಣಗಿಸಿ. ಈಗ ಜಾಯಿಂಟನ್ನು ಒಂದೊಂದೇ ಬದಿಗೆ ವಾಲಿಸುತ್ತಾ ಬಿಸಿಲಿಗೆ ಹಿಡಿದು ಆರೂ ಜಾಡು ನೋಡಿ. ಹೊಳೆಯುವ ಗೆರೆ ಇರುವುದು ಸಹಜ. ಉಗುರು ಎಳೆದಾಗ ಸಿಕ್ಕಿಕೊಳ್ಳುವ ಗುಳಿ, ಗುಂಡಿನ ಮೇಲೆ ಸಿಪ್ಪೆ ಎದ್ದ ಗುರುತು, ಕೇಜಿನ ಕಿಟಕಿಯ ಮೂಲೆಯಲ್ಲಿ ಬಿರುಕು, ಇವುಗಳಲ್ಲಿ ಒಂದು ಕಂಡರೂ ಬೂಟ್ ಹಾಕಿ ಕೆಲಸವಿಲ್ಲ. ಹೊಸ ರಬ್ಬರನ್ನು ಮಾತ್ರ ಡೀಸೆಲ್, ಪೆಟ್ರೋಲ್, ಸೀಮೆಎಣ್ಣೆ ಯಾವುದಕ್ಕೂ ತಾಗಿಸಬೇಡಿ.

ಹಲವು ಮಾರುತಿ ಕಾರುಗಳಲ್ಲಿ ಹೊರ ಜಾಯಿಂಟನ್ನು ಸರಳಿನಿಂದ ಬಿಡಿಸದೆ, ಒಳ ಜಾಯಿಂಟನ್ನು ತೆಗೆದು ಆ ಕಡೆಯಿಂದ ಎರಡೂ ಬೂಟುಗಳನ್ನು ತೂರಿಸುವ ಕ್ರಮ. ಆದ್ದರಿಂದ ಹರಿದದ್ದು ಹೊರಗಿನ ಒಂದೇ ಆದರೂ ಒಳಗಿನದನ್ನೂ ಹೊಸತು ಮಾಡುವುದು ಜಾಣತನ, ಕೂಲಿ ಒಂದೇ. ಒಳ ಜಾಯಿಂಟಿನ ಮೂರು ರೋಲರಿನ ತಲೆ ತೆಗೆಯುವ ಮೊದಲು ಸರಳು, ತಲೆ, ಬಟ್ಟಲು ಮೂರಕ್ಕೂ ಒಂದೇ ಸಾಲಿನಲ್ಲಿ ಬಣ್ಣದ ಗುರುತು ಹಾಕಿ. ಸವೆತ ಹೊಂದಿಕೊಂಡಿರುವುದು ಆ ಸ್ಥಾನಕ್ಕೇ. ರೋಲರ್ ಜಾರದಂತೆ ಟೇಪ್ ಸುತ್ತಿ. ಒಂದು ಬಿದ್ದರೆ ಒಳಗಿನ ಸೂಜಿ ಬೇರಿಂಗುಗಳನ್ನು ಅಂಗಳದಲ್ಲಿ ಹೆಕ್ಕುತ್ತಾ ಕೂರಬೇಕಾದೀತು.

ಗ್ರೀಸ್ ಮಾಲಿಬ್ಡಿನಂ ಡೈಸಲ್ಫೈಡ್ ಇರುವ ಕಪ್ಪು ಗ್ರೀಸೇ ಆಗಬೇಕು. ಗ್ರೀಸ್ ಗನ್ನಿನ ಚಾಸಿ ಗ್ರೀಸ್ ಜಾಯಿಂಟಿನ ಒತ್ತಡಕ್ಕೆ ನಿಲ್ಲುವುದಿಲ್ಲ. ಚಿಕ್ಕ ಕಾರಿನ ಹೊರ ಜಾಯಿಂಟಿಗೆ 80ರಿಂದ 100 ಗ್ರಾಂ ಸಾಮಾನ್ಯ ಅಳತೆ. ಬೂಟ್ ಕಿಟ್ಟಿನಲ್ಲಿ ಬರುವ ಪೊಟ್ಟಣ ಅಷ್ಟೇ ಇರುತ್ತದೆ, ಎಲ್ಲವನ್ನೂ ಹಾಕಿ. ಮುಕ್ಕಾಲು ಪಾಲು ಗುಂಡುಗಳ ನಡುವೆ ಒತ್ತಿ ತುಂಬಿ, ಉಳಿದದ್ದು ಬೂಟಿನೊಳಗೆ. ಒಳಗಿನದಕ್ಕೆ ಬೇರೆ ಬಣ್ಣದ ಪೊಟ್ಟಣ ಕೊಟ್ಟಿದ್ದರೆ ಎರಡನ್ನೂ ಬೆರೆಸಬೇಡಿ. ದೊಡ್ಡ ಬಾಯಿಯ ಕ್ಲಾಂಪ್ ಬಿಗಿದ ಮೇಲೆ ಚಿಕ್ಕ ಬಾಯಿಯ ಅಂಚನ್ನು ಮೊಂಡು ಸ್ಕ್ರೂಡ್ರೈವರಿನಿಂದ ಒಮ್ಮೆ ಎತ್ತಿ ಗಾಳಿ ಬಿಡಿ. ಇದನ್ನು ಮರೆತರೆ ಮಡಿಕೆ ಒಳಕ್ಕೆ ಹೀರಿಕೊಂಡು, ಒಂದಕ್ಕೊಂದು ಉಜ್ಜಿ, ಹೊಸ ಬೂಟೂ ಬೇಗನೆ ಹರಿಯುತ್ತದೆ. ಕ್ಲಾಂಪಿನ ಬದಲು ಪ್ಲಾಸ್ಟಿಕ್ ಟ್ಯಾಗ್ ಬೇಡ, ದೊಡ್ಡ ಬಾಯಿಯಲ್ಲಿ ಅದು ಜಾರುತ್ತದೆ.

ಹರಿಯುವ ಕಾರಣ ಹೆಚ್ಚಾಗಿ ವಯಸ್ಸು. ಆದರೆ ಅಡಿಕೆ ತೋಟದ ದಾರಿಯಲ್ಲಿ ಸೋಗೆಯ ಗಟ್ಟಿ ಬುಡ, ಬೇಲಿ ತಂತಿಯ ತುಂಡು ಕೂಡ ಸೀಳುತ್ತವೆ. ಶೆಡ್ಡಿನಲ್ಲಿ ಇಲಿಯೂ ಕಡಿಯುತ್ತದೆ. ಹಲ್ಲಿನ ಗುರುತು ಕಂಡರೆ ವಯರಿಂಗನ್ನೂ ಒಮ್ಮೆ ನೋಡಿಬಿಡಿ.

ಪ್ರಶ್ನೆ: ಮಂಗಳೂರಿನಲ್ಲಿ ಹೊಸ ಶಾಫ್ಟ್, ರೀಕಂಡೀಶನ್ ಶಾಫ್ಟ್, ಗುಜರಿಯ ಶಾಫ್ಟ್ ಮೂರೂ ಸಿಗುತ್ತವೆ. ಯಾವುದು ತರಲಿ? ಎಡಬಲ ಅದಲುಬದಲು ಮಾಡಿದರೆ ಶಬ್ದ ಹೋಗುತ್ತದೆ ಎಂಬ ಮಾತೂ ಕೇಳಿದ್ದೇನೆ.
— ಓದುಗರು, ಕುಂಬಳೆ

ಉತ್ತರ: ಹಳೆಯ ಶಾಫ್ಟನ್ನು ಬಿಚ್ಚಿ ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗಿ. ಒಂದೇ ಹೆಸರಿನ ಕಾರಿನಲ್ಲೂ ವರ್ಷ, ಇಂಜಿನ್, ಗೇರ್‌ಬಾಕ್ಸ್ ಬದಲಾದಂತೆ ಹಲ್ಲುಗಳ ಎಣಿಕೆ ಬದಲಾಗುತ್ತದೆ. ಹೊರತುದಿಯ ಹಲ್ಲು, ಒಳತುದಿಯ ಹಲ್ಲು, ಪೂರ್ತಿ ಉದ್ದ, ಸೀಲ್ ಕೂರುವ ನುಣ್ಣನೆಯ ಭಾಗದ ವ್ಯಾಸ, ಎ.ಬಿ.ಎಸ್. (ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿ ನಿಲ್ಲದಂತೆ ತಡೆಯುವ ವ್ಯವಸ್ಥೆ) ಇರುವ ಕಾರಾದರೆ ಹೊರ ಜಾಯಿಂಟಿನ ಮೇಲಿನ ಹಲ್ಲಿನ ಬಳೆ: ಇವೆಲ್ಲ ತಾಳೆಯಾಗಬೇಕು. ಗೇರ್‌ಬಾಕ್ಸಿನಿಂದ ದೂರದ ಬದಿಯ ಶಾಫ್ಟ್ ಉದ್ದ ಇರುತ್ತದೆ, ಎಡಬಲ ಹೇಳದೆ ಫೋನಿನಲ್ಲಿ ತರಿಸಿದರೆ ಬಸ್ಸಿಗೆ ಹಾಕಿ ವಾಪಸು ಕಳಿಸುವ ಕೆಲಸ ಗ್ಯಾರಂಟಿ.

ಹೊಸದಕ್ಕೆ ಮೊದಲ ಸ್ಥಾನ. ಮಾರುತಿ 800ರ ತಯಾರಿಕೆ 2014ರಲ್ಲೇ ನಿಂತಿದೆ, ಆದರೆ ಓಡುತ್ತಿರುವ ಕಾರುಗಳು ಇನ್ನೂ ಬಹಳ ಇರುವುದರಿಂದ ಬಿಡಿಭಾಗಕ್ಕೆ ಬರವಿಲ್ಲ. ಹೆಸರಿಲ್ಲದ ಡಬ್ಬಿಯ ಅತಿ ಅಗ್ಗದ ಶಾಫ್ಟಿನಲ್ಲಿ ಮೊದಲು ಸೋಲುವುದು ಬೂಟಿನ ರಬ್ಬರು. ಮಡಿಕೆಯನ್ನು ಬಿಡಿಸಿ ಹಿಂಡಿ ನೋಡಿ, ಬಿಳಿ ಗೆರೆ ಮೂಡಿದರೆ ಬೇಡ. ರೀಕಂಡೀಶನ್ ಎಂಬ ಮಾತಿಗೆ ಎರಡು ಅರ್ಥ ಇದೆ. ಜಾಡು ಉಜ್ಜಿ, ಅದಕ್ಕೆ ಹೊಂದುವ ದೊಡ್ಡ ಅಳತೆಯ ಗುಂಡು ಹಾಕಿದ್ದು ಒಂದು. ಬರೀ ತೊಳೆದು, ಬೂಟ್ ಹಾಕಿ, ಬಣ್ಣ ಬಳಿದದ್ದು ಇನ್ನೊಂದು. ಯಾವುದೆಂದು ಕೇಳಿ, ಉತ್ತರ ತಡವರಿಸಿದರೆ ಎದ್ದು ಬನ್ನಿ. ಗುಜರಿಯದ್ದು ಬೇಕೇ ಬೇಕೆಂದರೆ ಬೂಟ್ ಹರಿಯದೆ ಇರುವ, ಡಿಕ್ಕಿಯಾದ ಬದಿಯದ್ದಲ್ಲದ ಶಾಫ್ಟ್ ಆರಿಸಿ.

ಅದಲುಬದಲು ಸುಳ್ಳಲ್ಲ. ಮುಂದಕ್ಕೆ ಎಳೆಯುವಾಗ ಗುಂಡು ಜಾಡಿನ ಒಂದೇ ಮಗ್ಗುಲನ್ನು ಒತ್ತುತ್ತದೆ. ಎಡದ ಹೊರ ಜಾಯಿಂಟನ್ನು ಬಲಕ್ಕೆ ಹಾಕಿದರೆ ಸವೆಯದ ಮಗ್ಗುಲು ಕೆಲಸಕ್ಕೆ ಬರುತ್ತದೆ, ಶಬ್ದ ನಿಲ್ಲುತ್ತದೆ. ಜಾಯಿಂಟ್ ಸರಳಿನಿಂದ ಬಿಡಿಸಲು ಬರುವಂಥದ್ದಾಗಿ, ಎರಡೂ ಬದಿಯದ್ದು ಒಂದೇ ಅಳತೆಯದ್ದಾದರೆ ಇದು ಸಾಧ್ಯ. ಆದರೆ ಗುಳಿ ಬಿದ್ದ ಗುಂಡು, ಸಡಿಲಾದ ಕೇಜ್ ಹಾಗೆಯೇ ಇರುತ್ತವೆ. ಕಾರನ್ನು ಮಾರುವವರಿಗೆ ಈ ಉಪಾಯ ಇಷ್ಟ, ಕೊಳ್ಳುವವರು ಎಚ್ಚರ ಇರಲಿ.

ಪ್ರಶ್ನೆ: ಎರಡೂ ಶಾಫ್ಟ್ ಹೊಸತು ಹಾಕಿಸಿದ ಮೇಲೆ 60–70 ಕಿ.ಮೀ. ವೇಗದಲ್ಲಿ ಎಕ್ಸಲರೇಟರ್ ಒತ್ತಿದಾಗ ಇಡೀ ಕಾರು ನಡುಗುತ್ತದೆ, ಕಾಲು ತೆಗೆದರೆ ನಿಲ್ಲುತ್ತದೆ. ವೀಲ್ ಬ್ಯಾಲೆನ್ಸ್ ಮಾಡಿಸಿದರೂ ಹೋಗಿಲ್ಲ.
— ಓದುಗರು, ಮುಳ್ಳೇರಿಯ

ಉತ್ತರ: ಎಳೆತದಲ್ಲಿ ಮಾತ್ರ ಬರುವ ನಡುಕ ಚಕ್ರದ್ದಲ್ಲ. ಚಕ್ರದ ದೋಷ ಕಾಲು ತೆಗೆದರೂ ಇರುತ್ತಿತ್ತು. ಅನುಮಾನ ಒಳ ಜಾಯಿಂಟಿನ ಮೇಲೆ: ಸರ್ಕ್ಲಿಪ್ ಪೂರ್ತಿ ಕೂತಿಲ್ಲ, ಗ್ರೀಸ್ ಕಡಿಮೆ ಇದೆ, ಇಲ್ಲವೇ ರೋಲರಿನ ತಲೆ ಹಿಂದುಮುಂದಾಗಿ ಕೂತಿದೆ. ಇವು ಸರಿಯಿದ್ದರೆ ಇಂಜಿನ್ ಮೌಂಟಿಂಗ್ ನೋಡಿ. ಹಳೆಯ ಕಾರಿನಲ್ಲಿ ಅದರ ರಬ್ಬರ್ ಕುಗ್ಗಿ ಇಂಜಿನ್ ಒಂದು ಬದಿಗೆ ಇಳಿದಿರುತ್ತದೆ, ಆಗ ಒಳ ಜಾಯಿಂಟ್ ತನಗೆ ಹೇಳದ ಕೋನದಲ್ಲಿ ದುಡಿಯಬೇಕಾಗುತ್ತದೆ. ಹಳೆಯ, ಸವೆದ ಜಾಯಿಂಟ್ ಅದನ್ನು ಸಹಿಸಿಕೊಂಡಿತ್ತು, ಬಿಗಿಯಾದ ಹೊಸತು ಸಹಿಸುವುದಿಲ್ಲ. ಬಾನೆಟ್ ತೆರೆದು, ಹ್ಯಾಂಡ್ ಬ್ರೇಕ್ ಎಳೆದು, ಬ್ರೇಕ್ ಒತ್ತಿದ ಕಾರಿನಲ್ಲಿ ಕ್ಲಚ್ಚನ್ನು ಹಿಡಿಯುವಷ್ಟೇ ಬಿಡಿಸಿ ನೋಡಿ. ಎದುರಿಗೆ ಯಾರೂ ನಿಲ್ಲುವುದು ಬೇಡ, ನೋಡುವವರು ಬದಿಯಲ್ಲಿರಲಿ. ಇಂಜಿನ್ ಒಂದೆರಡು ಇಂಚು ಎದ್ದು ಕೂತರೆ ಮೌಂಟಿಂಗ್ ಹೋಗಿದೆ.

ಪ್ರಶ್ನೆ: ಓಮ್ನಿಯ ಹಿಂದಿನ ಬಲ ಚಕ್ರದಲ್ಲಿ ಬ್ರೇಕ್ ಹಿಡಿಯುತ್ತಿಲ್ಲ. ಡ್ರಮ್ ಬಿಚ್ಚಿದರೆ ಒಳಗೆಲ್ಲ ಎಣ್ಣೆ. ಸೀಲ್ ಬದಲಿಸಿದ ಸ್ವಲ್ಪ ಸಮಯದಲ್ಲೇ ಮತ್ತೆ ಅದೇ.
— ಓದುಗರು, ಮಂಜೇಶ್ವರ

ಉತ್ತರ: ಮೊದಲು ಆ ಎಣ್ಣೆ ಯಾವುದು ಎಂದು ನೋಡಿ. ಒಂದು ತೊಟ್ಟನ್ನು ಲೋಟದ ನೀರಿಗೆ ಬಿಡಿ. ಕರಗಿದರೆ ಬ್ರೇಕ್ ಫ್ಲೂಯಿಡ್, ಹಾಗಾದರೆ ಸೋರುತ್ತಿರುವುದು ವೀಲ್ ಸಿಲಿಂಡರ್, ಆಕ್ಸಲ್ಲಿಗೆ ಕೈ ಹಾಕುವ ಅಗತ್ಯವೇ ಇಲ್ಲ. ತೇಲಿ, ಗಂಧಕದ ನಾತ ಬಂದರೆ ಡಿಫರೆನ್ಷಿಯಲ್ಲಿನ (ಹಿಂದಿನ ಎರಡು ಚಕ್ರಕ್ಕೆ ಎಳೆತ ಹಂಚುವ ಗೇರುಗಳ ಪೆಟ್ಟಿಗೆ) ಗೇರ್ ಆಯಿಲ್.

ಗೇರ್ ಆಯಿಲೇ ಆಗಿದ್ದು, ಹೊಸ ಸೀಲೂ ಬೇಗ ಸೋತಿದ್ದರೆ ಮೂರು ಕಡೆ ನೋಡಬೇಕು. ಒಂದು, ಆಕ್ಸಲ್ ಕೊಳವೆಯ ಮೇಲಿರುವ ಪುಟ್ಟ ಬ್ರೀದರ್, ಅಂದರೆ ಗಾಳಿ ಹೋಗುವ ದಾರಿ. ಕೆಸರು ಮೆತ್ತಿ ಅದು ಮುಚ್ಚಿದರೆ, ಓಡಿ ಬಿಸಿಯಾದ ಹೌಸಿಂಗಿನ ಗಾಳಿ ಹಿಗ್ಗಿ ಎಣ್ಣೆಯನ್ನು ಸೀಲಿನಾಚೆ ತಳ್ಳುತ್ತದೆ. ಎಷ್ಟು ಸೀಲ್ ಹಾಕಿದರೂ ಅಷ್ಟೇ. ಅದನ್ನು ಬಿಚ್ಚಿ, ಪೆಟ್ರೋಲಿನಲ್ಲಿ ತೊಳೆದು, ಊದಿ ನೋಡಿ. ಎರಡು, ಬೇರಿಂಗ್. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದಾಗ ಆಟ ಇದ್ದರೆ ಶಾಫ್ಟ್ ಸೀಲಿನೊಳಗೆ ಕುಣಿಯುತ್ತಿದೆ ಎಂದರ್ಥ. ಮೂರು, ಶಾಫ್ಟಿನ ಮೇಲೆ ಸೀಲಿನ ತುಟಿ ತಿಕ್ಕುವ ಜಾಗ. ಅಲ್ಲಿ ಉಗುರಿಗೆ ತಾಗುವ ಕಚ್ಚು ಬಿದ್ದಿದ್ದರೆ ಸೀಲನ್ನು ಒಂದೆರಡು ಎಂ.ಎಂ. ಸರಿಸಿ ಕೂರಿಸಬಹುದು, ಇಲ್ಲವೇ ಶಾಫ್ಟ್ ಬದಲಿಸಬೇಕು.

ಬಿಚ್ಚುವಾಗ ಸ್ಟ್ಯಾಂಡ್ ಆಕ್ಸಲ್ ಕೊಳವೆಯ ಅಡಿಗೆ, ಹ್ಯಾಂಡ್ ಬ್ರೇಕ್ ಬಿಟ್ಟಿರಬೇಕು, ಡಿಫರೆನ್ಷಿಯಲ್ ಎಣ್ಣೆ ಬಸಿದಿರಬೇಕು. ಡ್ರಮ್ ಕಚ್ಚಿಕೊಂಡಿದ್ದರೆ ಸುತ್ತಿಗೆ ಬೇಡ. ಡ್ರಮ್ಮಿನ ಮುಖದ ಎರಡು ಮರೆಯ ತೂತುಗಳಿಗೆ 8 ಎಂ.ಎಂ. ಬೋಲ್ಟು ಸಮಸಮವಾಗಿ ತಿರುಗಿಸಿದರೆ ತಾನೇ ಎದ್ದು ಬರುತ್ತದೆ. ಬ್ಯಾಕಿಂಗ್ ಪ್ಲೇಟಿನ ನಟ್ಟುಗಳನ್ನು ತೆಗೆದು, ಜಾರುವ ಸುತ್ತಿಗೆಯಿಂದ ಶಾಫ್ಟನ್ನು ಬೇರಿಂಗ್ ಸಮೇತ ಎಳೆಯಬೇಕು. ಪ್ಲೇಟೂ ಜೊತೆಗೇ ಬರುವಂತಿದ್ದರೆ ಬ್ರೇಕ್ ಪೈಪು, ಹ್ಯಾಂಡ್ ಬ್ರೇಕ್ ಕೇಬಲ್ ಮೊದಲೇ ಬಿಚ್ಚಿ. ಕೊನೆಯಲ್ಲಿ ಬ್ರೇಕಿನ ಗಾಳಿ ತೆಗೆಯುವುದು ಮರೆಯಬೇಡಿ.

ಬೇರಿಂಗನ್ನು ಹಿಡಿದಿಡುವ ಬಳೆ ಬಿಗಿಯಾಗಿ ಒತ್ತಿ ಕೂರಿಸಿದ್ದು. ಅದನ್ನು ಗ್ರೈಂಡರಿನಿಂದ ಮುಕ್ಕಾಲು ದಪ್ಪ ಮಾತ್ರ ಕೊಯ್ದು, ಉಳಿದದ್ದನ್ನು ಉಳಿಯ ಒಂದು ಪೆಟ್ಟಿಗೆ ಸೀಳಬೇಕು. ಗ್ರೈಂಡರ್ ಶಾಫ್ಟಿಗೆ ತಾಗಿದ ಗೀರು ಮುಂದೆ ಅಲ್ಲಿಂದಲೇ ಶಾಫ್ಟ್ ಮುರಿಯಲು ದಾರಿ. ಗ್ಯಾಸ್ ಕಟ್ಟರ್ ಹತ್ತಿರ ತರುವುದೂ ಬೇಡ, ಶಾಫ್ಟಿನ ಹದ ಹೋಗುತ್ತದೆ. ಹೊಸ ಬೇರಿಂಗ್, ಹೊಸ ಬಳೆ ಎರಡನ್ನೂ ಪ್ರೆಸ್ಸಿನಲ್ಲಿ, ಬೇರಿಂಗಿನ ಒಳ ರೇಸಿನ (ಒಳಸುತ್ತಿನ ಉಕ್ಕಿನ ಬಳೆ) ಮೇಲೆ ಮಾತ್ರ ಒತ್ತಡ ಬೀಳುವಂತೆ ಕೂರಿಸಬೇಕು. ಹಳೆಯ ಬಳೆಯನ್ನು ಮತ್ತೆ ಹಾಕಿದರೆ ಹಿಡಿತ ಸಾಲದು. ಅದು ಜಾರಿದ ದಿನ ಚಕ್ರ, ಡ್ರಮ್, ಶಾಫ್ಟ್ ಒಟ್ಟಿಗೆ ಹೊರಬರುತ್ತವೆ.

ಎಣ್ಣೆ ಕುಡಿದ ಬ್ರೇಕ್ ಶೂಗಳನ್ನು ಪೆಟ್ರೋಲಿನಲ್ಲಿ ತೊಳೆದು, ಬೆಂಕಿಗೆ ಹಿಡಿದು ಮತ್ತೆ ಹಾಕುವವರಿದ್ದಾರೆ. ಬಿಸಿಯಾದ ಕೂಡಲೇ ಒಳಗಿನ ಎಣ್ಣೆ ಮತ್ತೆ ಮೇಲೆ ಬರುತ್ತದೆ. ಎರಡೂ ಚಕ್ರಕ್ಕೂ ಹೊಸ ಶೂ ಹಾಕಿ. ಇಲ್ಲಿಯ ಎಣ್ಣೆ ಮಾತ್ರ ಜಿ.ಎಲ್.-5, 80ಡಬ್ಲ್ಯು-90, ಹಿಂದಿನ ಆಕ್ಸಲ್ಲಿನ ಹೈಪಾಯ್ಡ್ ಗೇರುಗಳಿಗೆ (ಹಲ್ಲುಗಳು ಒಂದರ ಮೇಲೊಂದು ಜಾರುವ ಓರೆ ಗೇರುಗಳು) ಜಿ.ಎಲ್.-4 ಸಾಲದು. ತುಂಬುವ ತೂತಿನ ಅಂಚಿಗಿಂತ ಹೆಚ್ಚು ಹಾಕಿದರೂ ಸೀಲಿಗೇ ತೊಂದರೆ.

ಪ್ರಶ್ನೆ: ಗುಡ್ಡೆಯ ಮೇಲಿನ ತೋಟಕ್ಕೆ ಗೊಬ್ಬರ ಹೊರುವ ಹಳೆ ಜೀಪಿನ ಹಿಂದಿನ ಆಕ್ಸಲ್ ಶಾಫ್ಟ್ ತುಂಡಾಯಿತು. ವೆಲ್ಡ್ ಮಾಡಿಸಿ ಲೇತಿನಲ್ಲಿ ಸರಿ ಮಾಡಬಹುದೇ?
— ಓದುಗರು, ಸೀತಾಂಗೋಳಿ

ಉತ್ತರ: ಬೇಡ. ಆಕ್ಸಲ್ ಶಾಫ್ಟ್ ಹದ ಕೊಟ್ಟ ಉಕ್ಕು. ವೆಲ್ಡಿಂಗಿನ ಕಾವು ಆ ಹದವನ್ನು ಕೆಡಿಸಿ, ಬೆಸುಗೆಯ ಪಕ್ಕದಲ್ಲೇ ಪೆಡಸಾದ ಪಟ್ಟಿಯೊಂದನ್ನು ಉಂಟುಮಾಡುತ್ತದೆ. ಸಮತಟ್ಟಿನಲ್ಲಿ ಓಡೀತು, ಏರಿನಲ್ಲಿ ಭಾರ ಹೊತ್ತು ಕ್ಲಚ್ ಬಿಟ್ಟಾಗ ಅಲ್ಲೇ ಮುರಿಯುತ್ತದೆ.

ಮುರಿದ ಮುಖವನ್ನು ಎಸೆಯುವ ಮೊದಲು ನೋಡಿ. ಒಂದು ಬದಿಯಿಂದ ಅಲೆ ಅಲೆಯಾಗಿ ನುಣುಪಾದ ಗೆರೆಗಳಿದ್ದು, ಉಳಿದ ಭಾಗ ಮಾತ್ರ ಒರಟಾಗಿದ್ದರೆ ಬಿರುಕು ಹಳೆಯದು. ಬೇರಿಂಗ್ ಸವೆದದ್ದು, ಕೊಳವೆ ಬಾಗಿದ್ದು ಅಥವಾ ಯಾವುದೋ ಗೀರು ಕಾರಣ. ಅದನ್ನು ಸರಿಪಡಿಸದೆ ಹೊಸ ಶಾಫ್ಟ್ ಹಾಕಿದರೆ ಅದೂ ಹೋಗುತ್ತದೆ. ಹಲ್ಲುಗಳು ಹಗ್ಗದಂತೆ ತಿರುಚಿದ್ದರೆ ಅತಿಭಾರ, ಅಥವಾ ಕೆಸರಿನಲ್ಲಿ ಗಿರಗಿರ ತಿರುಗಿದ ಚಕ್ರ ಒಮ್ಮೆಲೇ ಕಲ್ಲಿಗೆ ಕಚ್ಚಿದ್ದು. ಆಗ ಇನ್ನೊಂದು ಬದಿಯ ಶಾಫ್ಟನ್ನೂ ಎಳೆದು ಹಲ್ಲು ನೋಡಲೇಬೇಕು.

ಹಬ್ಬಿನ ನಡುವೆ ಸುತ್ತಲೂ ಬೋಲ್ಟು ಇರುವ ಚಪ್ಪಟೆ ತಟ್ಟೆ ಇದ್ದರೆ ಅದು ಪೂರ್ತಿ ತೇಲುವ ಆಕ್ಸಲ್. ಭಾರ ಹೊರುವುದು ಹಬ್ಬಿನ ಬೇರಿಂಗುಗಳು, ಶಾಫ್ಟ್ ತಿರುಗಿಸುವುದಷ್ಟೇ. ಬೋಲ್ಟು ತೆಗೆದರೆ ಚಕ್ರ ಎತ್ತದೆಯೂ ಶಾಫ್ಟ್ ಹೊರಬರುತ್ತದೆ. ಒಳಗೆ ಉಳಿದ ತುಂಡನ್ನು ತೆಗೆಯದೆ ಓಡಿಸಬೇಡಿ, ಅದು ಡಿಫರೆನ್ಷಿಯಲ್ಲಿನ ಹಲ್ಲನ್ನೂ ತಿನ್ನುತ್ತದೆ. ತಟ್ಟೆಯ ಬದಲು ನಡುವೆ ಒಂದೇ ದೊಡ್ಡ ನಟ್ ಇದ್ದರೆ ಅರೆತೇಲುವ ಮಾದರಿ. ಇಲ್ಲಿ ಚಕ್ರದ ಭಾರ ಶಾಫ್ಟಿನ ಮೇಲೆಯೇ. ಮುರಿದ ಮೇಲೆ ಒಂದು ಮಾರೂ ಓಡಿಸುವಂತಿಲ್ಲ, ಚಕ್ರವೇ ಕಳಚೀತು.

ಹಳೆಯ ಕೆಲವು ಜೀಪುಗಳಲ್ಲಿ ಹ್ಯಾಂಡ್ ಬ್ರೇಕ್ ಹಿಂದಿನ ಚಕ್ರದಲ್ಲಿಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದೆ ಡಿಫರೆನ್ಷಿಯಲ್ಲಿಗೆ ಹೋಗುವ ಪ್ರೊಪೆಲರ್ ಶಾಫ್ಟಿನ ಮೇಲಿದೆ. ಒಂದು ಆಕ್ಸಲ್ ಮುರಿದರೆ ಡಿಫರೆನ್ಷಿಯಲ್ ಆ ಬದಿಗೆ ಸುಮ್ಮನೆ ತಿರುಗುವುದರಿಂದ ಹ್ಯಾಂಡ್ ಬ್ರೇಕೂ ಇಲ್ಲ, ಗೇರಿನಲ್ಲಿ ನಿಲ್ಲಿಸಿದರೂ ನಿಲ್ಲುವುದಿಲ್ಲ. ಹಿಂದಿನ ಒಂದೇ ಚಕ್ರ ಜಾಕಿನಲ್ಲಿ ಎತ್ತಿದಾಗಲೂ ಇದೇ ಕಥೆ. ಇಳಿಜಾರಿನಲ್ಲಿ ಕೈ ಹಾಕುವ ಮೊದಲು ನೆಲ ಮುಟ್ಟಿದ ಚಕ್ರಗಳಿಗೆ ಎರಡೂ ಬದಿ ಅಡೆ ಕೊಡಿ.

ಪ್ರಶ್ನೆ: ಶಾಫ್ಟ್ ಬದಲಿಸಿದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಲೇಬೇಕೇ?
— ಓದುಗರು, ಉಪ್ಪಳ

ಉತ್ತರ: ಬಾಲ್ ಜಾಯಿಂಟ್ ಮಾತ್ರ ಬಿಡಿಸಿದ್ದರೆ ಬೇಡ. ಸ್ಟ್ರಟ್ಟನ್ನು ನಕಲ್ಲಿಗೆ ಹಿಡಿದ ಎರಡು ಬೋಲ್ಟು ತೆಗೆದಿದ್ದರೆ, ಅಥವಾ ಟೈ ರಾಡಿನ (ಸ್ಟಿಯರಿಂಗಿನಿಂದ ಚಕ್ರಕ್ಕೆ ಹೋಗುವ ಸರಳು) ಲಾಕ್ ನಟ್ ಮುಟ್ಟಿದ್ದರೆ ಬೇಕು. ಬೋಲ್ಟು ತೆಗೆಯುವ ಮೊದಲೇ ಗುರುತು ಹಾಕಿಟ್ಟಿದ್ದರೆ ಅಂಗಡಿಗೆ ಹೋಗುವವರೆಗೆ ಟಯರ್ ತಿನ್ನದೆ ಓಡಿಸಬಹುದು. ಚಕ್ರದ ನಟ್ಟುಗಳನ್ನು 50–100 ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ಬಿಗಿದು ನೋಡಿ, ಅದೇ ಹೊತ್ತಿಗೆ ಬಗ್ಗಿ ಹೊಸ ಸೀಲಿನ ಸುತ್ತ ಎಣ್ಣೆಯ ಪಸೆ ಇದೆಯೇ ಎಂದು ಬೆರಳಾಡಿಸಿ.